ಖಾಕಿ ತೊಟ್ಟವನಿಗೂ ನಮ್ಮ ಮೇಲೆ ಹಕ್ಕಿದೆ

ಮಗು ಊಟ ಮಾಡದೆ ಹಠ ಹಿಡಿದಾಗ ನಮ್ಮ ಅದೆಷ್ಟೋ ಮನೆಗಳಲ್ಲಿ ಹಿರಿಯರ ಬಾಯಿಂದ ಬರುವ ಮಾತು ಒಂದೇ: "ಸುಮ್ನ ಉಣ್ಣು, ಇಲ್ಲಾಂದ್ರ ಪೊಲೀಸ್ ಬರ್ತಾನ ನೋಡು!" ಮಗು ಹೆದರಿ ತುತ್ತು ನುಂಗುತ್ತದೆ. ತಾಯಿಯ ಕೆಲಸವೂ ಆಗುತ್ತದೆ. ಆದರೆ ಆ ಪುಟ್ಟ ಮನಸ್ಸಿನಲ್ಲಿ ಅಂದು ಒಬ್ಬ ಮನುಷ್ಯನ ಬಗ್ಗೆ ಗುಮಾನಿಯ ಬೀಜ ಬಿದ್ದಿರುತ್ತದೆ. ಆ ಮಗು ಬೆಳೆದು ದೊಡ್ಡದಾದಾಗ ಸಂತೆಯಲ್ಲಿ ಜೇಬು ಕಳವಾದರೂ ಠಾಣೆಯ ಮೆಟ್ಟಿಲು ಹತ್ತಲು ಅಂಜುತ್ತದೆ. ಚೌಕದಲ್ಲಿ ನಿಂತ ಪೇದೆಯನ್ನು ಕಂಡು ಹಲ್ಲು ಕಚ್ಚುತ್ತದೆ. "ಅವರೆಲ್ಲ ಹಂಗ" ಎಂಬ ಒಂದೇ ಮಾತಿನಲ್ಲಿ ಲಕ್ಷಾಂತರ ಮನುಷ್ಯರ ತೀರ್ಪು ಮುಗಿದುಹೋಗುತ್ತದೆ.

ಪವಿತ್ರ ಕುರ್‌ಆನಿನ 49ನೆಯ ಅಧ್ಯಾಯವಾದ 'ಅಲ್ ಹುಜುರಾತ್' ಸತ್ಯವಿಶ್ವಾಸಿಗಳಿಗೆ ಸಾಮಾಜಿಕ ಶಿಷ್ಟಾಚಾರವನ್ನು ಕಲಿಸುತ್ತದೆ. ಅತಿಯಾದ ಗುಮಾನಿಯಿಂದ ದೂರವಿರಬೇಕು, ಇತರರ ಕುಂದುಗಳನ್ನು ಹುಡುಕುತ್ತಾ ಹೋಗಬಾರದು, ಬೆನ್ನ ಹಿಂದೆ ಆಡಿಕೊಳ್ಳಬಾರದು, ಕರ್ಮಭ್ರಷ್ಟನೊಬ್ಬನು ಸುದ್ದಿ ತಂದರೆ ವಿಚಾರಿಸದೆ ನಂಬಬಾರದು ಎಂದು ಅದು ಆಜ್ಞಾಪಿಸುತ್ತದೆ. ಈ ಆಜ್ಞೆಗಳನ್ನು ನಾವು ನೆರೆಮನೆಯವರ ವಿಷಯದಲ್ಲಿ, ಬಂಧುಗಳ ವಿಷಯದಲ್ಲಿ ಓದುತ್ತೇವೆ, ಉಪನ್ಯಾಸಗಳಲ್ಲಿ ಕೇಳುತ್ತೇವೆ. ಸಮವಸ್ತ್ರ ತೊಟ್ಟವನನ್ನು ಮಾತ್ರ ಈ ಪಟ್ಟಿಯಿಂದ ಹೊರಗಿಡಲು ನಮಗೆ ಯಾರು ಅನುಮತಿ ಕೊಟ್ಟರು?

ಓದುಗರಲ್ಲಿ ಕೆಲವರು ಈಗಲೇ ಮುಖ ಗಂಟಿಕ್ಕಿರಬಹುದು. "ನಮ್ಮ ಕಷ್ಟ ನಿಮಗೇನು ಗೊತ್ತು?" ಎಂದು ಕೇಳಬಹುದು. ಅವರ ಪ್ರಶ್ನೆ ನ್ಯಾಯವಾದದ್ದೇ. ಆದ್ದರಿಂದ ಮೊದಲು ಅದನ್ನೇ ಮಾತನಾಡೋಣ.

ಭಯಕ್ಕೆ ಕಾರಣವಿಲ್ಲವೆಂದಲ್ಲ

2008ರ ಜೂನ್ 10ರಂದು ಹಾವೇರಿಯಲ್ಲಿ ಗೊಬ್ಬರಕ್ಕಾಗಿ ಬೀದಿಗಿಳಿದ ರೈತರ ಮೇಲೆ ಪೊಲೀಸರು ಗುಂಡು ಹಾರಿಸಿದರು. ಇಬ್ಬರು ರೈತರು ಸತ್ತರು. ಆ ದಿನವನ್ನು ಈ ಜಿಲ್ಲೆ ಮರೆತಿಲ್ಲ. 2019ರ ಡಿಸೆಂಬರ್ 19ರಂದು ಮಂಗಳೂರಿನ ಗೋಲಿಬಾರಿನಲ್ಲಿ ಇಬ್ಬರು ಮುಸ್ಲಿಮರು ಪ್ರಾಣ ಕಳೆದುಕೊಂಡರು. ಠಾಣೆಯೊಳಗೆ ಆರೋಪಿಗಳು ಹಿಂಸೆಗೊಳಗಾಗುವುದು ಕಟ್ಟುಕಥೆಯಾಗಿದ್ದರೆ ಸುಪ್ರೀಂ ಕೋರ್ಟು 1996ರಲ್ಲಿ ಡಿ.ಕೆ. ಬಸು ಮೊಕದ್ದಮೆಯಲ್ಲಿ ಬಂಧನದ ನಿಯಮಗಳನ್ನು ಒಂದೊಂದಾಗಿ ಬರೆದು ಹೇಳುವ ಅಗತ್ಯವೇ ಇರುತ್ತಿರಲಿಲ್ಲ.

2019ರಲ್ಲಿ ಕಾಮನ್ ಕಾಸ್ ಮತ್ತು ಸಿ.ಎಸ್.ಡಿ.ಎಸ್. ಸಂಸ್ಥೆಗಳು ಸೇರಿ ದೇಶದ 21 ರಾಜ್ಯಗಳ ಸುಮಾರು 12 ಸಾವಿರ ಪೊಲೀಸ್ ಸಿಬ್ಬಂದಿಯನ್ನು ಮಾತನಾಡಿಸಿ ಒಂದು ವರದಿ ಪ್ರಕಟಿಸಿದವು. ಮುಸ್ಲಿಮರು ಸ್ವಭಾವತಃ ಅಪರಾಧದ ಕಡೆಗೆ ವಾಲುವವರೆಂಬ ಭಾವನೆ ಅವರಲ್ಲಿ ಸುಮಾರು ಅರ್ಧದಷ್ಟು ಮಂದಿಯಲ್ಲಿ ಹೆಚ್ಚೋ ಕಡಿಮೆಯೋ ಇತ್ತು. ಓದುವಾಗ ಎದೆ ಚುಚ್ಚುತ್ತದೆ. ನಮ್ಮನ್ನು ಹತ್ತಿರದಿಂದ ಕಾಣದೆ, ನಮ್ಮ ಮನೆಯ ನೀರು ಕುಡಿಯದೆ, "ಅವರೆಲ್ಲ ಹಂಗ" ಎಂದುಬಿಟ್ಟವರು ಅವರು.

ಈಗ ಒಂದು ಕ್ಷಣ ಯೋಚಿಸಿರಿ. ನಾವು ಅವರ ಬಗ್ಗೆ ಆಡುವ ಮಾತೂ ಅದೇ ಅಲ್ಲವೇ? ಗುಮಾನಿ ಎರಡೂ ಕಡೆಯಿಂದ ನಡೆದಿದೆ. ಅವರ ಗುಮಾನಿಯ ಕೈಯಲ್ಲಿ ಲಾಠಿಯಿದೆ, ಆದ್ದರಿಂದ ಅದರ ಅಪಾಯ ಹೆಚ್ಚು. ಅದನ್ನು ತಿದ್ದಲು ಕಾನೂನಿದೆ, ನ್ಯಾಯಾಲಯವಿದೆ, ಮಾನವ ಹಕ್ಕು ಆಯೋಗವಿದೆ, ಪತ್ರಿಕೆಗಳಿವೆ. ನಮ್ಮ ಗುಮಾನಿಯನ್ನು ತಿದ್ದಲು ಯಾರಿದ್ದಾರೆ? ನಮ್ಮ ದೇವಭಯ ಮಾತ್ರ. ಒಂದು ಜನವಿಭಾಗದ ಮೇಲಿನ ದ್ವೇಷವು ನಿಮ್ಮನ್ನು ನ್ಯಾಯದಿಂದ ಸರಿಸದಿರಲಿ, ನ್ಯಾಯವೇ ದೇವಭಯಕ್ಕೆ ಹತ್ತಿರವಾದುದು ಎಂಬ ಬೋಧನೆ 'ಅಲ್ ಮಾಇದಃ' ಅಧ್ಯಾಯದ 8ನೆಯ ಸೂಕ್ತದಲ್ಲಿದೆ. ನಮಗೆ ಪ್ರಿಯರಾದವರಿಗೆ ನ್ಯಾಯ ಮಾಡುವುದು ದೊಡ್ಡ ವಿಷಯವಲ್ಲ. ನಾವು ಅಂಜುವವರ, ನಮಗೆ ಹಿಡಿಸದವರ ವಿಷಯದಲ್ಲಿ ನ್ಯಾಯವಾಗಿ ನಡೆಯುವುದು ಈ ಸೂಕ್ತದ ಪರೀಕ್ಷೆ. ತಪ್ಪಿತಸ್ಥ ಅಧಿಕಾರಿಯನ್ನು ಪ್ರಶ್ನಿಸುವುದು ನಮ್ಮ ಹಕ್ಕು. ತಪ್ಪು ಮಾಡದವನಿಗೆ ಆ ತಪ್ಪನ್ನು ಅಂಟಿಸದಿರುವುದು ಅವನ ಹಕ್ಕು. ಈ ಎರಡನೆಯ ಹಕ್ಕಿನ ಬಗ್ಗೆ ನಮ್ಮಲ್ಲಿ ಯಾರೂ ಮಾತನಾಡುವುದಿಲ್ಲ.

ಆ ಬೆಳಗಿನ ಜಾವ

2025ರ ಜನವರಿ 22. ಸವಣೂರಿನಿಂದ ಹಣ್ಣು-ತರಕಾರಿ ತುಂಬಿಕೊಂಡ ಲಾರಿಯೊಂದು ಕುಮಟಾ ಸಂತೆಗೆ ಹೊರಟಿತ್ತು. ಸರಕಿನ ಜೊತೆ ವ್ಯಾಪಾರಿಗಳೂ ಲಾರಿಯಲ್ಲಿದ್ದರು. ಯಲ್ಲಾಪುರ ತಾಲ್ಲೂಕಿನ ಘಟ್ಟದ ರಸ್ತೆಯಲ್ಲಿ, ಇನ್ನೂ ಬೆಳಕು ಹರಿಯುವ ಮೊದಲೇ, ಲಾರಿ ಕಂದಕಕ್ಕೆ ಉರುಳಿತು. ಹತ್ತು ಮಂದಿ ಪ್ರಾಣ ಕಳೆದುಕೊಂಡರು. ಸವಣೂರು, ಶಿಗ್ಗಾಂವ, ಬಂಕಾಪುರಗಳ ಓಣಿಗಳಲ್ಲಿ ಅಂದು ಒಲೆ ಹೊತ್ತಿಸಲು ಯಾರಿಗೂ ಮನಸ್ಸಾಗಲಿಲ್ಲ. ದುಡಿದು ತಿನ್ನುವ ಬಡವರ ಮನೆಗಳಿಗೆ ಬಡಿದ ಆ ಆಘಾತವನ್ನು ವಿವರಿಸಬೇಕಾಗಿಲ್ಲ. ಅದಕ್ಕೂ ಮೊದಲು, 2024ರ ಜೂನ್ 28ರ ಬೆಳಗಿನ ಜಾವ, ನಮ್ಮದೇ ಜಿಲ್ಲೆಯ ಬ್ಯಾಡಗಿ ತಾಲ್ಲೂಕಿನ ಗುಂಡೇನಹಳ್ಳಿಯ ಬಳಿ ಹೆದ್ದಾರಿಯಲ್ಲಿ ನಿಂತಿದ್ದ ಲಾರಿಗೆ ವಾಹನವೊಂದು ಅಪ್ಪಳಿಸಿ, ದೇವಸ್ಥಾನಗಳ ದರ್ಶನ ಮುಗಿಸಿ ಊರಿಗೆ ಮರಳುತ್ತಿದ್ದ ಭದ್ರಾವತಿ ಕಡೆಯ 13 ಮಂದಿ ಅಸುನೀಗಿದರು.

ಈ ಎರಡೂ ಘಟನೆಗಳಲ್ಲಿ ಮೃತರಿಗಾಗಿ ನಾವೆಲ್ಲರೂ ಮರುಗಿದೆವು. ಆದರೆ ಇಂಥ ಜಾಗದಲ್ಲಿ ಕತ್ತಲಲ್ಲಿ ನಿಂತು ಕೆಲಸ ಮಾಡುವವರ ಬಗ್ಗೆ ಯೋಚಿಸಿದ್ದೇವೆಯೇ? ಅಪಘಾತದ ಸುದ್ದಿ ಬಂದಾಗ ಮೊದಲು ಓಡುವವರಲ್ಲಿ ಹತ್ತಿರದ ಠಾಣೆಯ ರಾತ್ರಿ ಪಾಳಿಯ ಪೇದೆಗಳೂ ಇರುತ್ತಾರೆ. ಜಜ್ಜಿಹೋದ ತಗಡನ್ನು ಸರಿಸಿ, ಉಸಿರಿರುವವರನ್ನು ಮೊದಲು ಹೊರಗೆ ತೆಗೆಯಬೇಕು. ಉಸಿರು ನಿಂತವರನ್ನು ಸಾಲಾಗಿ ಮಲಗಿಸಬೇಕು. ಜೇಬು ತಡಕಿ ಗುರುತು ಹಚ್ಚಬೇಕು. ಆ ಹೊತ್ತಿಗೆ ಸತ್ತವನ ಜೇಬಿನ ಮೊಬೈಲು ಹೊಡೆದುಕೊಳ್ಳತೊಡಗುತ್ತದೆ. ಪರದೆಯ ಮೇಲೆ 'ಅಮ್ಮಾ' ಎಂದೋ 'ಘರ್' ಎಂದೋ ಹೆಸರು ಮೂಡುತ್ತದೆ. ಆ ಕರೆಯನ್ನು ಎತ್ತಿಕೊಂಡು ಮಾತನಾಡಬೇಕಾದವನು ಆ ಪೇದೆ. ಏನು ಹೇಳಬೇಕು, ಹೇಗೆ ಹೇಳಬೇಕು? ಓದುಗರೇ, ಆ ಒಂದು ಕರೆಯನ್ನು ನೀವು ಎತ್ತಬೇಕಾಗಿ ಬಂದಿದ್ದರೆ?

ಅಂದು ಮಧ್ಯಾಹ್ನ ಅವನು ಮನೆಗೆ ಹೋಗಿ ಸ್ನಾನ ಮಾಡಿ ತಟ್ಟೆಯ ಮುಂದೆ ಕೂಡುತ್ತಾನೆ. ಹೆಂಡತಿ "ಯಾಕ್ರೀ ಉಣ್ಣವಲ್ರಿ?" ಎಂದು ಕೇಳುತ್ತಾಳೆ. ಅವನು "ಏನಿಲ್ಲ" ಎನ್ನುತ್ತಾನೆ. ಸಂಜೆ ಮತ್ತೆ ಕರೆ ಬರುತ್ತದೆ: ಮಂತ್ರಿಗಳ ಬರವಿದೆ, ಬಂದೋಬಸ್ತಿಗೆ ಹೊರಡಬೇಕು. ಬೆಳಿಗ್ಗೆ ಕಂಡದ್ದನ್ನು ಯಾರ ಬಳಿಯಾದರೂ ಹೇಳಿಕೊಂಡು ಮನಸ್ಸು ಹಗುರ ಮಾಡಿಕೊಳ್ಳಲು ಅವನಿಗೆ ಪುರಸೊತ್ತಿಲ್ಲ. ಹೀಗೆ ನುಂಗಿದ್ದೆಲ್ಲ ಒಳಗೆ ಗಂಟು ಕಟ್ಟಿ, ಕೆಲವು ವರ್ಷಗಳಲ್ಲಿ ಒರಟು ಮಾತಾಗಿ, ಸಿಡುಕಾಗಿ, ಕೆಲವರಲ್ಲಿ ಕುಡಿತವಾಗಿ, ಇನ್ನು ಕೆಲವರಲ್ಲಿ ರಕ್ತದೊತ್ತಡವಾಗಿ ಹೊರಬೀಳುತ್ತದೆ. ಇದು ಒರಟುತನಕ್ಕೆ ಸಮರ್ಥನೆಯಲ್ಲ, ಅದು ಎಲ್ಲಿಂದ ಬರುತ್ತದೆಂಬ ವಿವರಣೆ ಮಾತ್ರ.

ಇದೇ ಸಂದರ್ಭದಲ್ಲಿ ನಮ್ಮವರು ಪೊಲೀಸರನ್ನು ಅತಿ ಹೆಚ್ಚು ತಪ್ಪು ತಿಳಿಯುವ ವಿಷಯವೊಂದಿದೆ. ಮರಣ ಸಂಭವಿಸಿದರೆ ದಫನ್ ಕಾರ್ಯವನ್ನು ತಡ ಮಾಡಬಾರದೆಂಬುದು ನಮ್ಮ ಪದ್ಧತಿ. ಅಪಘಾತದಲ್ಲಿ ಸತ್ತವರ ಶವವನ್ನು ಆಸ್ಪತ್ರೆಯಲ್ಲಿಟ್ಟುಕೊಂಡು, "ಪಂಚನಾಮೆ ಆಗಬೇಕು, ಪೋಸ್ಟ್‌ಮಾರ್ಟಂ ಆಗಬೇಕು" ಎಂದು ಪೊಲೀಸರು ಹೇಳಿದಾಗ ಕುಟುಂಬದವರಿಗೆ ಅದು ಕ್ರೌರ್ಯವೆಂದೇ ಕಾಣುತ್ತದೆ. "ಮಯ್ಯತ್‌ಗೂ ಬಿಡೂದಿಲ್ಲ ಇವರು" ಎಂಬ ಮಾತು ಬಂದುಬಿಡುತ್ತದೆ. ಆದರೆ ಅಸಹಜ ಮರಣವಾದಲ್ಲಿ ತನಿಖೆ ನಡೆಸಲೇಬೇಕೆಂಬುದು ಕಾನೂನು. ಹಿಂದೆ ಅದು ದಂಡ ಪ್ರಕ್ರಿಯಾ ಸಂಹಿತೆಯ 174ನೆಯ ಕಲಮಿನಲ್ಲಿತ್ತು. 2024ರ ಜುಲೈ 1ರಿಂದ ಜಾರಿಗೆ ಬಂದ ಭಾರತೀಯ ನಾಗರಿಕ ಸುರಕ್ಷಾ ಸಂಹಿತೆಯಲ್ಲಿ 194ನೆಯ ಕಲಮಿನಲ್ಲಿದೆ. ಅದನ್ನು ಬಿಟ್ಟುಕೊಡುವ ಅಧಿಕಾರ ಆ ಪೇದೆಗಾಗಲಿ ಫೌಜದಾರರಿಗಾಗಲಿ ಇಷ್ಟಬಂದಂತೆ ಇಲ್ಲ. ಇನ್ನೊಂದು ಮಾತೂ ಇದೆ. ನಾಳೆ ಆ ವಿಧವೆ ಮೋಟಾರು ಅಪಘಾತ ಪರಿಹಾರ ನ್ಯಾಯಮಂಡಳಿಯ ಮುಂದೆ ನಿಂತಾಗ ಅವಳ ಕೈಯಲ್ಲಿರಬೇಕಾದ ಕಾಗದಗಳಲ್ಲಿ ಪ್ರಥಮ ವರ್ತಮಾನ ವರದಿ, ಪಂಚನಾಮೆ ಮತ್ತು ಮರಣೋತ್ತರ ಪರೀಕ್ಷೆಯ ವರದಿ ಮುಖ್ಯವಾದವು. ಇವಿಲ್ಲದೆ ಅವಸರದಲ್ಲಿ ದಫನ್ ಮಾಡಿದರೆ ಅನಾಥ ಮಕ್ಕಳ ಹಕ್ಕೇ ಕೈತಪ್ಪಬಹುದು. ಮಯ್ಯತ್ತಿನ ಮೇಲಿನ ಪ್ರೀತಿಯಲ್ಲಿ ಯತೀಮರ ಹಕ್ಕನ್ನು ಮರೆಯುವುದು ಸರಿಯೇ? ಸೂರ್ಯಾಸ್ತದ ನಂತರ ಮರಣೋತ್ತರ ಪರೀಕ್ಷೆ ಕೂಡದೆಂಬ ಹಳೆಯ ಕಟ್ಟುಪಾಡನ್ನು ಕೇಂದ್ರ ಆರೋಗ್ಯ ಸಚಿವಾಲಯ 2021ರ ನವೆಂಬರಿನಲ್ಲಿ ಸಡಿಲಿಸಿದೆ. ಸೌಲಭ್ಯವಿರುವ ಆಸ್ಪತ್ರೆಗಳಲ್ಲಿ, ಕೊಲೆಯಂಥ ಅನುಮಾನವಿಲ್ಲದ ಪ್ರಕರಣಗಳಲ್ಲಿ, ರಾತ್ರಿಯೂ ಪರೀಕ್ಷೆ ನಡೆಸಬಹುದು. ಜಮಾಅತಿನ ಹಿರಿಯರು ಈ ನಿಯಮವನ್ನು ತಿಳಿದುಕೊಂಡು ಹೋಗಿ ಸೌಜನ್ಯದಿಂದ ಕೇಳಿದರೆ ಎಷ್ಟೋ ಕೆಲಸ ಸುಲಭವಾಗುತ್ತದೆ. ಆಸ್ಪತ್ರೆಯ ಬಾಗಿಲಲ್ಲಿ ಕೂಗಾಡಿ ಸಿಗುವ ಪ್ರಯೋಜನವೇನೂ ಇಲ್ಲ.

ಗಂಗೀಬಾವಿಯ ನೆರೆಯವರು

ಶಿಗ್ಗಾಂವದ ಓದುಗರಿಗೆ ಗಂಗೀಬಾವಿಯ ಪರಿಚಯ ಬೇಕಾಗಿಲ್ಲ. ರಾಜ್ಯ ಮೀಸಲು ಪೊಲೀಸ್ ಪಡೆಯ 10ನೆಯ ಬೆಟಾಲಿಯನ್ ಇರುವುದು ಅಲ್ಲಿಯೇ. ಅಂದರೆ ಪೊಲೀಸರು ನಮಗೆ ಪೇಟೆಯಲ್ಲಿ ಎದುರಾಗುವ ಅಪರಿಚಿತರು ಮಾತ್ರವಲ್ಲ, ನೆರೆಯವರೂ ಹೌದು. ನೆರೆಯವರ ಹಕ್ಕಿನ ಬಗ್ಗೆ ಪ್ರವಾದಿ(ಸ) ಎಷ್ಟು ಒತ್ತಿ ಹೇಳಿದ್ದಾರೆಂಬುದನ್ನು ನಾವು ಬಲ್ಲೆವು. ಈ ಪಡೆಯವರ ಬದುಕು ಹೇಗಿರುತ್ತದೆ? ರಾಜ್ಯದಲ್ಲಿ ಎಲ್ಲಿ ಗಲಭೆಯ ಸೂಚನೆ ಇದೆಯೋ ಅಲ್ಲಿಗೆ ವ್ಯಾನು ಹೊರಡುತ್ತದೆ. ಶಾಲೆಯ ಪಡಸಾಲೆಯೋ ಕಲ್ಯಾಣ ಮಂಟಪವೋ ಅವರ ಮಲಗುವ ಜಾಗ. ಸ್ನಾನಕ್ಕೆ ಸರತಿ, ಶೌಚಕ್ಕೆ ಸರತಿ. ಮಗಳ ಪರೀಕ್ಷೆ, ತಾಯಿಯ ಆಪರೇಷನ್, ತಮ್ಮನ ಮದುವೆ ಎಲ್ಲವೂ ಫೋನಿನಲ್ಲೇ ನಡೆದುಹೋಗುತ್ತವೆ.

2023, 2024, 2025ರ ಮೂರು ವರ್ಷಗಳಲ್ಲೂ ಗಣೇಶ ಚತುರ್ಥಿ ಮತ್ತು ಈದ್ ಮೀಲಾದ್ ಹತ್ತು ದಿನಗಳ ಅಂತರದಲ್ಲೇ ಬಂದವು. ನಮಗೆ ಅದು ಹಬ್ಬದ ಸಾಲು. ಅವರಿಗೆ ಅದು ನಿದ್ದೆಯಿಲ್ಲದ ಪಕ್ಷ. ಒಂದು ಮೆರವಣಿಗೆ ಮುಗಿಯುವಷ್ಟರಲ್ಲಿ ಇನ್ನೊಂದರ ದಾರಿಯಲ್ಲಿ ನಿಲ್ಲಬೇಕು. ಎರಡು ಗುಂಪುಗಳ ನಡುವೆ ನಿಂತವನಿಗೆ ಎರಡೂ ಕಡೆಯಿಂದ ಬೈಗುಳ. ಇವರು "ಅವರ ಕಡೆಯವನು" ಎನ್ನುತ್ತಾರೆ, ಅವರು "ಇವರ ಕಡೆಯವನು" ಎನ್ನುತ್ತಾರೆ. ಆ ಸಾಲಿನಲ್ಲಿ ನಮ್ಮ ಸಮುದಾಯದ ತರುಣರೂ ನಿಂತಿರುತ್ತಾರೆ. ರಮಝಾನಿನಲ್ಲಿ ಹೆದ್ದಾರಿಯ ಬದಿಯಲ್ಲಿ ಖರ್ಜೂರ ಮತ್ತು ಬಾಟಲಿ ನೀರಿನಿಂದ ಇಫ್ತಾರ್ ಮಾಡಿ, ಈದಿನ ಬೆಳಿಗ್ಗೆ ಇತರರು ಈದ್ಗಾದಲ್ಲಿ ಅಪ್ಪಿಕೊಳ್ಳುವಾಗ ಗೇಟಿನಲ್ಲಿ ಕಾವಲು ನಿಂತವರು ಅವರು. ಅವರಿಗೆ ಓಣಿಯಲ್ಲಿ ಸಿಗುವ ಬಿರುದು 'ಖಬರಿ'. (ಡಾ. ಎಂ.ಎ. ಸಲೀಂ ಅವರು 2025ರ ಮೇ ತಿಂಗಳಲ್ಲಿ ರಾಜ್ಯ ಪೊಲೀಸ್ ಮುಖ್ಯಸ್ಥರ ಹೊಣೆ ವಹಿಸಿಕೊಂಡಾಗ ಅಭಿನಂದಿಸಿದವರೇ ಓಣಿಯ ಮುಸ್ಲಿಂ ಪೇದೆಯನ್ನು ಹೀಗೆ ಕರೆಯುವುದು ಒಂದು ವಿಚಿತ್ರ.)

ಮೇಲೆ ಹೇಳಿದ 2019ರ ವರದಿಯಲ್ಲಿಯೇ ಇನ್ನೊಂದು ಮುಖವೂ ಇದೆ. ಆ ಸಿಬ್ಬಂದಿ ದಿನಕ್ಕೆ ಸರಾಸರಿ 14 ಗಂಟೆ ದುಡಿಯುತ್ತಾರೆ. ಇಬ್ಬರಲ್ಲಿ ಒಬ್ಬರಿಗೆ ವಾರದ ರಜೆಯೇ ಇಲ್ಲ. ನಾಲ್ವರಲ್ಲಿ ಮೂವರು, ಈ ಹೊರೆಯಿಂದ ತಮ್ಮ ದೇಹ ಮತ್ತು ಮನಸ್ಸಿನ ಆರೋಗ್ಯ ಕೆಡುತ್ತಿದೆ ಎಂದರು. ಕಾರ್ಖಾನೆಯ ಕೂಲಿಯವನು ಎಂಟು ಗಂಟೆಗೆ ಮೀರಿ ದುಡಿಸಿದರೆ ಸಂಘ ಕಟ್ಟಿ ಕೇಳಬಲ್ಲ. ಪೊಲೀಸನಿಗೆ ಅದೂ ಇಲ್ಲ. 1966ರ ಕಾಯ್ದೆಯೊಂದು ಪೊಲೀಸರು ಸರ್ಕಾರದ ಅನುಮತಿಯಿಲ್ಲದೆ ಸಂಘ ಕಟ್ಟುವುದನ್ನು ನಿರ್ಬಂಧಿಸಿದೆ. 2016ರ ಜೂನ್ 4ರಂದು ಕರ್ನಾಟಕದ ಪೇದೆಗಳು ಸಾಮೂಹಿಕ ರಜೆ ಹಾಕುವುದಾಗಿ ಹೇಳಿದಾಗ ದೇಶವೇ ಇತ್ತ ನೋಡಿತು. ಅವರು ಕೇಳಿದ್ದೇನು? ಬದುಕಲು ಸಾಕಾಗುವ ಸಂಬಳ, ವಾರಕ್ಕೊಂದು ರಜೆ, ಮೇಲಧಿಕಾರಿಗಳ ಕಿರುಕುಳದಿಂದ ಬಿಡುಗಡೆ. ಮುಂಚೂಣಿಯಲ್ಲಿದ್ದವರನ್ನು ರಾಜದ್ರೋಹದ ಆರೋಪದಡಿ ಬಂಧಿಸಲಾಯಿತು. ಬಹುಪಾಲು ಪೇದೆಗಳು ಅಂದು ಎಂದಿನಂತೆ ಕೆಲಸಕ್ಕೆ ಬಂದರು. ಮುಂದೆ ಔರಾದಕರ್ ಸಮಿತಿಯ ಶಿಫಾರಸಿನಿಂದ 2019ರಲ್ಲಿ ಸಂಬಳದಲ್ಲಿ ಒಂದಷ್ಟು ಸುಧಾರಣೆಯಾಯಿತು.

ಆ ಜೂನಿನ ಗದ್ದಲ ಅಡಗಿ ಒಂದು ತಿಂಗಳಾಗಿತ್ತು. 2016ರ ಜುಲೈ 5 ಮತ್ತು 7ರಂದು, ಒಂದೇ ವಾರದಲ್ಲಿ, ರಾಜ್ಯದ ಇಬ್ಬರು ಡಿವೈಎಸ್‌ಪಿಗಳು ತಮ್ಮ ಜೀವವನ್ನು ತಾವೇ ಕೊನೆಗೊಳಿಸಿಕೊಂಡರು. ಕಾರಣಗಳ ಕುರಿತು ವಾದ ವಿವಾದಗಳು, ತನಿಖೆಗಳು ನಡೆದವು. ಅದನ್ನು ಇಲ್ಲಿ ಕೆದಕುವ ಉದ್ದೇಶವಿಲ್ಲ. ಜೀವ ಅಲ್ಲಾಹನ ಅಮಾನತು, ಅದನ್ನು ಕಳೆದುಕೊಳ್ಳುವ ಅಧಿಕಾರ ನಮಗಿಲ್ಲ ಎಂಬ ನಮ್ಮ ನಂಬಿಕೆಯಲ್ಲಿ ರಾಜಿಯೂ ಇಲ್ಲ. ಆದರೆ ಹೆಗಲ ಮೇಲೆ ನಕ್ಷತ್ರಗಳಿದ್ದ, ಕೈಕೆಳಗೆ ನೂರಾರು ಜನರಿದ್ದ ಅಧಿಕಾರಿಗಳಿಗೇ ತಮ್ಮ ಸಂಕಟ ಹೇಳಿಕೊಳ್ಳಲು ಒಂದು ಬಾಗಿಲು ಸಿಗದಿದ್ದರೆ, ಚೌಕದಲ್ಲಿ ನಿಂತ ಪೇದೆಯ ಪಾಡೇನು?

"ರೊಕ್ಕ ತಿಂದು ಬಿಟ್ಟಾರ"

ಪೊಲೀಸರಲ್ಲಿ ಲಂಚ ತಿನ್ನುವವರಿಲ್ಲವೆಂದು ಹೇಳಿದರೆ ಓದುಗರು ನಗುತ್ತಾರೆ. ಲಂಚ ಕೊಡುವವನೂ ತಿನ್ನುವವನೂ ಶಾಪಗ್ರಸ್ತರೆಂದು ಪ್ರವಾದಿವರ್ಯರು(ಸ) ಎಚ್ಚರಿಸಿದ್ದಾರೆ. ಕೊಡುವವರು ನಾವೇ ಎಂಬುದನ್ನು ಮಾತ್ರ ನಾವು ನೆನೆಯುವುದಿಲ್ಲ. ಆದರೆ ಠಾಣೆಯಲ್ಲಿ ನಡೆಯುವ ಎಲ್ಲದಕ್ಕೂ ಲಂಚವೇ ಕಾರಣವೆಂಬ ತೀರ್ಮಾನ ಅಜ್ಞಾನದಿಂದ ಬಂದದ್ದು.

ಒಂದು ಉದಾಹರಣೆ. ಓಣಿಯಲ್ಲಿ ಜಗಳವಾಗಿ ಒಬ್ಬನಿಗೆ ಪೆಟ್ಟು ಬೀಳುತ್ತದೆ. ದೂರು ಕೊಡುತ್ತಾರೆ. ಹೊಡೆದವನನ್ನು ಠಾಣೆಗೆ ಕರೆಸಿ, ಮಾತನಾಡಿಸಿ, ಸಂಜೆಗೆ ಮನೆಗೆ ಕಳಿಸುತ್ತಾರೆ. ಪೆಟ್ಟು ತಿಂದವನ ಅಣ್ಣ ಚಹಾದಂಗಡಿಯಲ್ಲಿ ಕೂತು ಸಾರುತ್ತಾನೆ: "ರೊಕ್ಕ ತಿಂದು ಬಿಟ್ಟಾರ!" ಕೇಳಿದವರು ಮತ್ತೆ ನಾಲ್ವರಿಗೆ ಹೇಳುತ್ತಾರೆ. ಸಾಕ್ಷಿ? ಏನೂ ಇಲ್ಲ. ನಿಜವಾಗಿ ಆದದ್ದೇನಿರಬಹುದು? ಏಳು ವರ್ಷಗಳವರೆಗಿನ ಶಿಕ್ಷೆಯ ಅಪರಾಧಗಳಲ್ಲಿ ಯಾಂತ್ರಿಕವಾಗಿ ಬಂಧಿಸಬಾರದು, ಬಂಧನದ ಅಗತ್ಯವಿಲ್ಲದಿದ್ದರೆ ನೋಟೀಸು ಕೊಟ್ಟು ವಿಚಾರಣೆಗೆ ಕರೆಸಬೇಕೆಂದು ಸುಪ್ರೀಂ ಕೋರ್ಟು 2014ರಲ್ಲಿ ಅರ್ನೇಶ್ ಕುಮಾರ್ ಮೊಕದ್ದಮೆಯಲ್ಲಿ ಆದೇಶಿಸಿದೆ. ಅದನ್ನು ಮೀರಿ ಬಂಧಿಸಿದ ಅಧಿಕಾರಿಯೇ ಶಿಕ್ಷೆಗೆ ಗುರಿಯಾಗಬಹುದು. ಈ ಆದೇಶ ನಾಳೆ ನಮ್ಮ ಮಗನನ್ನೂ ಕಾಪಾಡುವಂಥದು. ನಮ್ಮ ಮಗನಿಗೆ ಸಿಕ್ಕರೆ ನ್ಯಾಯ, ಎದುರಿನವನ ಮಗನಿಗೆ ಸಿಕ್ಕರೆ ಲಂಚ ಎನ್ನುವುದು ಎಂಥ ತಕ್ಕಡಿ?

"ಪೊಲೀಸರ ಮುಂದೆ ತಾನೇ ಒಪ್ಪಿಕೊಂಡಾನ, ಆದ್ರೂ ಕೋರ್ಟಿನ್ಯಾಗ ಬಿಟ್ರು" ಎಂಬುದು ಇನ್ನೊಂದು ದೂರು. ಪೊಲೀಸರ ಮುಂದಿನ ತಪ್ಪೊಪ್ಪಿಗೆಯನ್ನು ಆರೋಪಿಯ ವಿರುದ್ಧ ಸಾಕ್ಷ್ಯವಾಗಿ ಬಳಸುವಂತಿಲ್ಲ ಎಂಬುದು ಬ್ರಿಟಿಷರ ಕಾಲದಿಂದಲೂ ಇರುವ ನಿಯಮ, ಹೊಸ ಸಾಕ್ಷ್ಯ ಕಾಯ್ದೆಯಲ್ಲೂ ಉಳಿದಿದೆ. ಹೊಡೆದು ಒಪ್ಪಿಸುವುದನ್ನು ತಡೆಯಲು ಅದಿದೆ. ಅಪರಾಧ ಸಾಬೀತಾಗಬೇಕಾದರೆ ಕಣ್ಣಾರೆ ಕಂಡವರು ಬಂದು ಹೇಳಬೇಕು. ಕಂಡವರು ಯಾರು? ನಾವೇ. ಸಾಕ್ಷಿಗೆ ಕರೆದಾಗ "ನಾ ಏನೂ ನೋಡಿಲ್ರೀ" ಎಂದವರು ಯಾರು? ಅದೂ ನಾವೇ. ಸಾಕ್ಷ್ಯವನ್ನು ಬಚ್ಚಿಡುವವನ ಹೃದಯ ಪಾಪಗ್ರಸ್ತವೆಂಬ ಎಚ್ಚರಿಕೆ 'ಅಲ್ ಬಕರಃ' ಅಧ್ಯಾಯದ 283ನೆಯ ಸೂಕ್ತದಲ್ಲಿದೆ. ನಾವು ಬಚ್ಚಿಟ್ಟ ಸಾಕ್ಷ್ಯದ ಹೊರೆಯನ್ನು ಹೊರುವವನು ಆರು ತಿಂಗಳು ಓಡಾಡಿ ಕಡತ ಕಟ್ಟಿದ ತನಿಖಾಧಿಕಾರಿ.

ಹಾಗೆಂದು ಎಲ್ಲವನ್ನೂ ಸಹಿಸಬೇಕೆಂದಲ್ಲ. ಗಂಭೀರ ಅಪರಾಧದ ದೂರನ್ನು ದಾಖಲಿಸಲು ನಿರಾಕರಿಸುವಂತಿಲ್ಲವೆಂದು 2013ರ ಲಲಿತಾ ಕುಮಾರಿ ತೀರ್ಪು ಹೇಳಿದೆ. ಯಾವ ಠಾಣೆಯಲ್ಲಾದರೂ ದೂರು ಕೊಡಬಹುದು. ಬಂಧಿತನನ್ನು 24 ಗಂಟೆಗಳೊಳಗೆ ಮ್ಯಾಜಿಸ್ಟ್ರೇಟರ ಮುಂದೆ ಹಾಜರುಪಡಿಸಬೇಕು. ಮಹಿಳೆಯರನ್ನು ಸಾಕ್ಷಿ ವಿಚಾರಣೆಗೆ ಠಾಣೆಗೆ ಬರುವಂತೆ ಒತ್ತಾಯಿಸುವಂತಿಲ್ಲ, ಅವರಿರುವಲ್ಲಿಗೇ ಪೊಲೀಸರು ಹೋಗಬೇಕು. ಖಲೀಫಾ ಉಮರ್(ರ) ರಾತ್ರಿ ಗಸ್ತಿನಲ್ಲಿ ಒಂದು ಮನೆಯ ಗೋಡೆ ಹತ್ತಿ ಒಳಗಿನವನನ್ನು ಹಿಡಿದಾಗ, ಅವನು "ನಾನು ಒಂದು ತಪ್ಪು ಮಾಡಿದೆ, ನೀವು ಮೂರು ಮಾಡಿದಿರಿ" ಎಂದು ಬೇಹುಗಾರಿಕೆ, ಗೋಡೆ ಹತ್ತಿ ಬಂದದ್ದು, ಸಲಾಮಿಲ್ಲದ ಪ್ರವೇಶ ಇವುಗಳನ್ನು ಎತ್ತಿ ತೋರಿಸಿದ, ಖಲೀಫರು ಅವನನ್ನು ಬಿಟ್ಟು ಹೋದರು ಎಂಬ ಪ್ರಸಂಗ ಪ್ರಸಿದ್ಧವಾಗಿದೆ. ಕಾವಲಿನವನಿಗೂ ಮೇರೆಯಿದೆ. ಅದನ್ನು ತಿಳಿದು, ದನಿ ಎತ್ತರಿಸದೆ ಕೇಳುವ ಪ್ರಜೆಯ ಮುಂದೆ ಒರಟು ಅಧಿಕಾರಿಯೂ ತಗ್ಗುತ್ತಾನೆ.

ಕಳವಾದ ಕವಚ

ಪೊಲೀಸರ ಮೇಲೆ ಬೀಳುವ ಒತ್ತಡಗಳಲ್ಲಿ ಅತ್ಯಂತ ಭಾರವಾದುದು ನಮ್ಮಂಥ ಸಭ್ಯರಿಂದಲೇ ಬರುತ್ತದೆ. "ಹುಡುಗ ನಮ್ಮವನು, ಸ್ವಲ್ಪ ನೋಡ್ರಿ ಸಾಹೇಬರ..."

ಮದೀನದಲ್ಲಿ ಒಮ್ಮೆ ಒಂದು ಯುದ್ಧಕವಚ ಕಳವಾಯಿತು. ಕದ್ದವನು ಉಬೈರಿಕ್ ಮನೆತನದವನು, ಮೇಲ್ನೋಟಕ್ಕೆ ಮುಸ್ಲಿಮನೇ. ಹಿಟ್ಟಿನ ಚೀಲದಲ್ಲಿ ಅಡಗಿಸಿ ಒಯ್ದಾಗ ದಾರಿಯುದ್ದಕ್ಕೂ ಹಿಟ್ಟು ಉದುರಿ ಜಾಡು ಮೂಡಿತೆಂದು ವ್ಯಾಖ್ಯಾನಕಾರರು ಬರೆಯುತ್ತಾರೆ. ಸಿಕ್ಕಿಬೀಳುವ ಭಯದಿಂದ ಅವನು ಅದನ್ನು ಒಬ್ಬ ಯಹೂದಿಯ ಮನೆಯಲ್ಲಿರಿಸಿದ. ಕವಚ ಅಲ್ಲಿ ಸಿಕ್ಕಿತು. ಕಳ್ಳನ ಕುಲದವರು ಗುಂಪಾಗಿ ಪ್ರವಾದಿಯವರ(ಸ) ಬಳಿ ಬಂದು, ನಮ್ಮವನು ನಿರಪರಾಧಿ, ತಪ್ಪು ಯಹೂದಿಯದು ಎಂದು ವಾದಿಸಿದರು. ತೋರಿಕೆಯ ಪುರಾವೆಯೂ ಅವರ ಕಡೆಗೇ ಇತ್ತು. ಆಗ 'ಅನ್ನಿಸಾ' ಅಧ್ಯಾಯದ 105ನೆಯ ಸೂಕ್ತದಿಂದ ಮುಂದಿನ ಸೂಕ್ತಗಳು ಅವತೀರ್ಣಗೊಂಡವು. ವಂಚಕರ ಪರ ವಕಾಲತ್ತು ವಹಿಸಬಾರದೆಂದು ಅಲ್ಲಾಹನು ಆಜ್ಞಾಪಿಸಿದನು. ತಾನು ಪಾಪವೆಸಗಿ ಅದನ್ನು ನಿರಪರಾಧಿಯ ಮೇಲೆ ಹೊರಿಸುವವನ ಹೊರೆ ಎಷ್ಟು ದೊಡ್ಡದೆಂದು ತಿಳಿಸಿದನು. ಯಹೂದಿ ನಿರ್ದೋಷಿಯಾದ. ಆ ಕಾಲದಲ್ಲಿ ಮದೀನದ ಮುಸ್ಲಿಮರಿಗೂ ಯಹೂದಿ ಗೋತ್ರಗಳಿಗೂ ಸಂಬಂಧ ಹದಗೆಟ್ಟಿತ್ತು ಎಂಬುದನ್ನು ನೆನಪಿಡಿರಿ. ಅಂಥ ಹೊತ್ತಿನಲ್ಲೂ ಒಬ್ಬ ಪರಕೀಯನ ಮಾನ ಕಾಯಲು ದಿವ್ಯವಾಣಿಯೇ ಬಂತು.

ಈ ಸೂಕ್ತಗಳನ್ನು ಓದಿದ ಮೇಲೂ ನಮ್ಮ ಜಮಾಅತಿನ ಹತ್ತು ಜನ ಠಾಣೆಗೆ ಹೋಗಿ ತಪ್ಪಿತಸ್ಥ ಹುಡುಗನ ಪರ ಕೂತರೆ, ನಾವು ಯಾರ ಸಾಲಿನಲ್ಲಿ ಕೂತಂತಾಯಿತು? ಫೌಜದಾರರು ಒಪ್ಪಿದರೆ "ಒಳ್ಳೇ ಸಾಹೇಬರು", ಒಪ್ಪದಿದ್ದರೆ "ಕೋಮುವಾದಿ". ಇನ್ನೊಂದು ಸಮುದಾಯದ ಮುಖಂಡರೂ ಅದೇ ದಿನ ಅದೇ ಕುರ್ಚಿಯ ಮುಂದೆ ಕೂತು ಇದೇ ಮಾತು ಆಡಿಹೋಗಿರುತ್ತಾರೆ.

ಎರಡು ರಾತ್ರಿಗಳು

2022ರ ಏಪ್ರಿಲ್ 16ರ ರಾತ್ರಿ, ರಮಝಾನಿನ ದಿನಗಳಲ್ಲಿ, ಹಳೇ ಹುಬ್ಬಳ್ಳಿಯ ಠಾಣೆಯ ಮುಂದೆ ನಮ್ಮ ತರುಣರ ಗುಂಪು ಸೇರಿತು. ಸಾಮಾಜಿಕ ಜಾಲತಾಣದಲ್ಲಿ ಒಬ್ಬ ಯುವಕ ಹಾಕಿದ ಚಿತ್ರ ಅವರ ಭಾವನೆಯನ್ನು ಕೆರಳಿಸಿತ್ತು. ಪೊಲೀಸರು ಅವನನ್ನು ಬಂಧಿಸಿದ್ದರೂ ಕಲ್ಲುಗಳು ಹಾರಿದವು. ಹನ್ನೆರಡು ಪೊಲೀಸರು ಗಾಯಗೊಂಡರು. ನೂರಕ್ಕೂ ಹೆಚ್ಚು ಮಂದಿ ಬಂಧನಕ್ಕೊಳಗಾದರು. ಕೆಲವರಿಗೆ ಜಾಮೀನು ಸಿಗಲು ವರ್ಷವೇ ಮೀರಿತು. ಅವರಲ್ಲಿ ಯಾರು ಅಪರಾಧಿ, ಯಾರು ಅಮಾಯಕ ಎಂಬುದು ನ್ಯಾಯಾಲಯ ನಿರ್ಣಯಿಸಬೇಕಾದ ವಿಷಯ. ಜೈಲಿನ ಬಾಗಿಲಲ್ಲಿ ಬುತ್ತಿ ಹಿಡಿದು ನಿಂತ ತಾಯಂದಿರ ಕಣ್ಣೀರಂತೂ ಸುಳ್ಳಲ್ಲ. ತಲೆಗೆ ಕಲ್ಲು ತಗುಲಿ ಮಲಗಿದ ಪೇದೆಯ ತಾಯಿಯ ಕಣ್ಣೀರೂ ಸುಳ್ಳಲ್ಲ.

2024ರ ಅಕ್ಟೋಬರ್ 30ರ ರಾತ್ರಿ ಸವಣೂರು ತಾಲ್ಲೂಕಿನ ಕಡಕೋಳದಲ್ಲಿ ವಕ್ಫ್ ಆಸ್ತಿಯ ಕುರಿತ ಭೀತಿ ಹರಡಿತು. ಮನೆ, ಜಮೀನು ಹೋಗುತ್ತವೆಂಬ ಮಾತು ಬಾಯಿಂದ ಬಾಯಿಗೆ ಹಬ್ಬಿ ಮುಸ್ಲಿಮರ ಮನೆಗಳ ಮೇಲೆ ಕಲ್ಲು ತೂರಾಟ ನಡೆಯಿತು. ಪೊಲೀಸರು ಕಲ್ಲೆಸೆದ ಆರೋಪದ ಮೇಲೆ ಹಲವರನ್ನು ಬಂಧಿಸಿ ಊರಿನಲ್ಲಿ ಕಾವಲು ನಿಂತರು. ಮರುದಿನದಿಂದ ದೀಪಾವಳಿ, ಎರಡು ವಾರಗಳಲ್ಲಿ ಶಿಗ್ಗಾಂವ ಕ್ಷೇತ್ರದ ಉಪಚುನಾವಣೆ. ಆ ಕಾವಲಿನವರು ಹಬ್ಬವನ್ನು ಆ ಊರಿನ ಬೀದಿಯಲ್ಲೇ ಕಳೆದರು.

ಎರಡೂ ರಾತ್ರಿಗಳಲ್ಲಿ ಗಾಳಿಸುದ್ದಿ ಮತ್ತು ಆವೇಶಗಳ ಎದುರು ನಿಂತದ್ದು ಅದೇ ಖಾಕಿ. ಒಂದು ರಾತ್ರಿ ಅದು ನಮಗೆ ಶತ್ರುವಾಗಿ ಕಂಡಿತು, ಇನ್ನೊಂದು ರಾತ್ರಿ ನಮ್ಮ ಬಾಗಿಲಿಗೂ ಕಲ್ಲಿಗೂ ನಡುವೆ ನಿಂತಿತು. ಕಡಕೋಳದ ರಾತ್ರಿಯ ಬಗ್ಗೆ ನಾವು ಎಷ್ಟು ಮಂದಿ ಧನ್ಯವಾದ ಹೇಳಿದೆವು? ಮನುಷ್ಯರಿಗೆ ಕೃತಜ್ಞನಾಗದವನು ಅಲ್ಲಾಹನಿಗೂ ಕೃತಜ್ಞನಾಗಲಾರ ಎಂಬರ್ಥದ ಪ್ರವಾದಿ ವಚನವನ್ನು ನಮ್ಮ ಮಕ್ಕಳು ಮದ್ರಸಾದಲ್ಲಿ ಬಾಯಿಪಾಠ ಮಾಡುತ್ತಾರೆ.

ಮನೆಯೊಳಗೆ

ಈ ಪತ್ರಿಕೆಯನ್ನು ಓದುವ ಮನೆಗಳಲ್ಲಿ ಪೊಲೀಸ್ ಸೇವೆಯಲ್ಲಿರುವವರ ಮನೆಗಳೂ ಇವೆ. ಅಂಥ ಮನೆಯ ತಾಯಂದಿರಿಗೆ, ಸಹೋದರಿಯರಿಗೆ ಒಂದೆರಡು ಮಾತು. ಬಂದೋಬಸ್ತಿನಿಂದ ಮರಳಿದವನು ಬಾಗಿಲಲ್ಲೇ ಸಿಡುಕಿದರೆ ಅದಕ್ಕೆ ನೀವೇ ಕಾರಣವೆಂದು ತಿಳಿಯಬೇಡಿರಿ. ಆದರೆ ಆ ಸಿಡುಕು ಕೈಯೆತ್ತುವ ಮಟ್ಟಕ್ಕೆ ಹೋದರೆ ಸಹನೆಯ ಹೆಸರಿನಲ್ಲಿ ಮುಚ್ಚಿಡಲೂ ಬೇಡಿರಿ, ಮನೆಯ ಹಿರಿಯರಿಗೆ ತಿಳಿಸಿರಿ. ರಾತ್ರಿ ನಿದ್ದೆಯಲ್ಲಿ ಬೆಚ್ಚಿ ಕೂಗುವುದು, ಕಂಡ ಅಪಘಾತವೇ ಮತ್ತೆ ಮತ್ತೆ ಕಣ್ಣೆದುರು ಬರುವುದು, ಮಕ್ಕಳನ್ನು ಕಂಡರೂ ಮುಖ ಅರಳದಿರುವುದು, "ನಾ ಇದ್ರೇನು, ಹೋದ್ರೇನು" ಎಂಬ ಮಾತು ಬಾಯಲ್ಲಿ ಬರುವುದು, ಇವು ಈಮಾನಿನ ದೌರ್ಬಲ್ಯದ ಗುರುತಲ್ಲ, ಜಿನ್ನಿನ ಕಾಟವೂ ಅಲ್ಲ. ಮನಸ್ಸಿಗೆ ಆದ ಗಾಯದ ಗುರುತು. ಪ್ರತಿಯೊಂದು ರೋಗಕ್ಕೂ ಅಲ್ಲಾಹನು ಮದ್ದನ್ನಿರಿಸಿದ್ದಾನೆ, ಚಿಕಿತ್ಸೆ ಪಡೆಯಿರಿ ಎಂಬ ಪ್ರವಾದಿಯವರ(ಸ) ಉಪದೇಶ ಮನಸ್ಸಿನ ರೋಗಕ್ಕೂ ಅನ್ವಯಿಸುತ್ತದೆ. ದುಆ ಮಾಡಿರಿ, ಜೊತೆಗೆ ವೈದ್ಯರ ಬಳಿಗೂ ಕರೆದೊಯ್ಯಿರಿ.

ಶಿಗ್ಗಾಂವದವರು ಅದಕ್ಕಾಗಿ ಬೆಂಗಳೂರಿಗೆ ಹೋಗಬೇಕಾಗಿಲ್ಲ. ಧಾರವಾಡದಲ್ಲಿ ಮಾನಸಿಕ ಆರೋಗ್ಯ ಮತ್ತು ನರವಿಜ್ಞಾನ ಸಂಸ್ಥೆ, ಜನರ ಬಾಯಲ್ಲಿ 'ಡಿಮ್ಹಾನ್ಸ್', ಇದೆ. ಹೆದ್ದಾರಿಯಲ್ಲಿ ಬಸ್ಸು ಹತ್ತಿ, ಹುಬ್ಬಳ್ಳಿ ದಾಟಿದರೆ ಸಾಕು. ನಾಲ್ವರ ಕಣ್ಣಿಗೆ ಬೀಳುವ ಸಂಕೋಚ ಇದ್ದರೆ, 2022ರಲ್ಲಿ ಆರಂಭವಾದ ಸರ್ಕಾರದ 'ಟೆಲಿ ಮಾನಸ್' ಸೇವೆಗೆ 14416 ಸಂಖ್ಯೆಯಲ್ಲಿ ಫೋನು ಮಾಡಬಹುದು. ಹಗಲು ರಾತ್ರಿ ಎಂದಿಲ್ಲ, ಹಣ ಕೊಡಬೇಕಿಲ್ಲ, ಕನ್ನಡದಲ್ಲೇ ಮಾತನಾಡಬಹುದು. ರಾತ್ರಿ ಪಾಳಿಯಿಂದ ಮೂರು ಗಂಟೆಗೆ ಮನೆಗೆ ಬಂದು ನಿದ್ದೆ ಹತ್ತದೆ ಕೂತವನಿಗೂ ಆ ಹೊತ್ತಿನಲ್ಲಿ ಅತ್ತ ಕಡೆಯಿಂದ ಒಂದು ಧ್ವನಿ ಉತ್ತರಿಸುತ್ತದೆ.